ಕದನವಿರಾಮದ ಸುದ್ದಿ ಬಂದ ದಿನ ಏನೇನು ಓದಬೇಕು

2015ರ ಫೆಬ್ರವರಿ 12ರ ರಾತ್ರಿ ವಿದೇಶ ಪುಟ ನನ್ನ ಕೈಯಲ್ಲಿತ್ತು. ಬೆಲಾರಸ್‌ನ ಮಿನ್ಸ್ಕ್ ನಗರದಲ್ಲಿ ನಾಲ್ಕು ದೇಶಗಳ ನಾಯಕರು ರಾತ್ರಿಯಿಡೀ ಕೂತು, ಪೂರ್ವ ಉಕ್ರೇನಿನ ಯುದ್ಧ ನಿಲ್ಲಿಸಲು ಒಪ್ಪಿದ್ದರು. ಏಜೆನ್ಸಿ ಕಾಪಿಯ ಮೊದಲ ಎರಡು ಪ್ಯಾರಾ ಓದಿ, 'ಉಕ್ರೇನ್ ಯುದ್ಧ ಅಂತ್ಯ' ಎಂದು ಶೀರ್ಷಿಕೆ ಕೊಟ್ಟು ಪುಟ ಕಳಿಸಿಬಿಟ್ಟೆ. ಕೆಳಗಿನ ಪ್ಯಾರಾಗಳಲ್ಲಿ ಎಲ್ಲವೂ ಇತ್ತು. ಗುಂಡು ನಿಲ್ಲಬೇಕಾದದ್ದು ಅವತ್ತಲ್ಲ, 15ನೇ ತಾರೀಕು ಶುರುವಾಗುವ ಮಧ್ಯರಾತ್ರಿಗೆ. ಡೆಬಾಲ್ಟ್‌ಸೆವೆ ಎಂಬ ರೈಲ್ವೆ ಜಂಕ್ಷನ್ ಊರಿನ ಸುತ್ತ ಹೋರಾಟ ನಡೆದೇ ಇತ್ತು, ಆ ಊರು ಯಾರ ಪಾಲಿಗೆ ಎಂಬುದು ತೀರ್ಮಾನವಾಗಿರಲಿಲ್ಲ. 15 ಬಂತು, 16 ಬಂತು, ಅಲ್ಲಿ ಫಿರಂಗಿ ನಿಲ್ಲಲಿಲ್ಲ. 18ರಂದು ಉಕ್ರೇನ್ ಸೇನೆ ಊರು ಬಿಟ್ಟು ಹಿಂದೆ ಸರಿಯಿತು.

ಮರುದಿನ ಓದುಗರೊಬ್ಬರು ಫೋನ್ ಮಾಡಿದರು. ವಯಸ್ಸಾದವರ ದನಿ. "ಏನಮ್ಮಾ, ಹೋದ ವಾರ ಯುದ್ಧ ಮುಗೀತು ಅಂತ ನೀವೇ ಹಾಕಿದ್ರಿ. ಇವತ್ತಿನ ಪೇಪರಲ್ಲಿ ಸತ್ತಿರೋರು ಯಾವ ಯುದ್ಧದಲ್ಲಿ ಸತ್ತೋರು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ಒಂದು ಇನ್ನೂರು ಪುಟದ ನೋಟ್‌ಬುಕ್ ಶುರು ಮಾಡಿದೆ. ಎಡಪುಟದಲ್ಲಿ ಒಪ್ಪಂದದ ಕಾಗದ ಹೇಳುವುದು, ಬಲಪುಟದಲ್ಲಿ ಆಮೇಲೆ ನೆಲದ ಮೇಲೆ ನಡೆದದ್ದು. ಹೊಸ ಸುದ್ದಿ ಬಂದಾಗಲೆಲ್ಲ ಒಂದು ಎಡಪುಟ ತುಂಬುತ್ತಿತ್ತು. ಪುರುಸೊತ್ತಾದಾಗ ಹಳೆಯ ಯುದ್ಧಗಳನ್ನೂ ಹುಡುಕಿ ತಂದು ಸೇರಿಸಿದೆ.

ವಿರಾಮ ಬಾಳುತ್ತದೋ ಇಲ್ಲವೋ ಎಂಬ ಸುಳಿವು ಕೈಕುಲುಕುವ ಫೋಟೊದಲ್ಲಿ ನನಗೆ ಒಮ್ಮೆಯೂ ಸಿಕ್ಕಿಲ್ಲ. ಗಂಟೆ, ಗೆರೆ, ಹೆಣ, ನೀರು, ಕೈದಿ ಇವುಗಳ ಬಗ್ಗೆ ಬರೆದಿರುವ ಒಣ ವಾಕ್ಯಗಳಲ್ಲಿ ಸಿಕ್ಕಿದೆ. ಯಾರೂ ಓದದೆ ಬಿಡುವ ವಾಕ್ಯಗಳು ಅವು. ಅವನ್ನು ಓದುವುದು ಹೇಗೆ ಎಂಬುದನ್ನು, ನಾನು ಕಲಿತ ಕ್ರಮದಲ್ಲೇ ಬರೆಯುತ್ತೇನೆ. ಒಂದು ಪೆನ್ಸಿಲ್ಲು, ಒಂದು ನಕ್ಷೆ ಹತ್ತಿರ ಇಟ್ಟುಕೊಳ್ಳಿ.

ಮೊದಲು, ಅದು ಯಾವ ಬಗೆಯ ವಿರಾಮ?

ನಮ್ಮ ಪತ್ರಿಕೆಗಳಲ್ಲಿ ಎಲ್ಲದಕ್ಕೂ 'ಕದನವಿರಾಮ' ಒಂದೇ ಪದ. ಅದರೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿವೆ. ಹೆಣ ಎತ್ತಲು, ಗಾಯಾಳುಗಳನ್ನು ಸಾಗಿಸಲು ಕೆಲವು ಗಂಟೆ ಸುಮ್ಮನಿರುವುದು ಒಂದು. ಗುಂಡು ನಿಲ್ಲಿಸಿ ಎಂಬ ಆದೇಶ ಇನ್ನೊಂದು. ಎರಡೂ ಸೇನೆಗಳು ಸಹಿ ಹಾಕಿದ, ಗೆರೆ ಗಡುವುಗಳಿರುವ ಪೂರ್ಣ ಒಪ್ಪಂದ ಮೂರನೆಯದು. ಯುದ್ಧ ಮುಗಿಯಿತು ಎನ್ನುವ ಶಾಂತಿ ಒಪ್ಪಂದ ನಾಲ್ಕನೆಯದು. ಸುದ್ದಿ ಯಾವುದನ್ನು ಹೇಳುತ್ತಿದೆ ಎಂದು ಎಡಪುಟದ ತಲೆಯ ಮೇಲೆ ಬರೆದುಕೊಳ್ಳಿ.

ಯುದ್ಧದ ರೀತಿನೀತಿ ಕುರಿತು ದೇಶಗಳು ಒಪ್ಪಿಕೊಂಡ 1907ರ ಹೇಗ್ ನಿಯಮಗಳು ಇದನ್ನು ನೇರವಾಗಿ ಹೇಳುತ್ತವೆ: ವಿರಾಮವು ಸೈನಿಕ ಕಾರ್ಯಾಚರಣೆಯನ್ನು ತಡೆಹಿಡಿಯುತ್ತದೆ, ಅಷ್ಟೇ. ಅವಧಿ ಬರೆದಿಲ್ಲದಿದ್ದರೆ, ಒಪ್ಪಿಕೊಂಡಂತೆ ಮುನ್ಸೂಚನೆ ಕೊಟ್ಟು ಯಾವ ಪಕ್ಷ ಬೇಕಾದರೂ ಮತ್ತೆ ಯುದ್ಧ ಶುರು ಮಾಡಬಹುದು. ಕೊರಿಯಾದಲ್ಲಿ 1953ರ ಜುಲೈ 27ರಂದು ಆದದ್ದು ಮೂರನೆಯ ಬಗೆಯದು. ಮೂರು ತಿಂಗಳೊಳಗೆ ರಾಜಕೀಯ ಸಮ್ಮೇಳನ ಕರೆಯಬೇಕೆಂದು ಅದರಲ್ಲೇ ಶಿಫಾರಸು ಇತ್ತು. ಸಮ್ಮೇಳನ 1954ರಲ್ಲಿ ಜಿನೀವಾದಲ್ಲಿ ಕೂಡಿ, ಏನೂ ಆಗದೆ ಎದ್ದಿತು. ನಾಲ್ಕನೆಯ ಬಗೆಯ ಕಾಗದ ಇವತ್ತಿಗೂ ಬಂದಿಲ್ಲ.

ಬಗೆ ಗೊತ್ತಾದ ಮೇಲೆ ಅವಧಿ. 1918ರ ನವೆಂಬರ್ 11ರಂದು ಮೊದಲ ಮಹಾಯುದ್ಧ ಮುಗಿಯಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಅವತ್ತು ಸಹಿಯಾದ ಕಾಗದಕ್ಕೆ ಇದ್ದ ಆಯಸ್ಸು 36 ದಿನ. ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ಮೂರು ಸಲ ಅದನ್ನು ಮುಂದುವರಿಸಿದರು. ವರ್ಸೇಲ್ಸ್ ಒಪ್ಪಂದ ಆದದ್ದು 1919ರ ಜೂನ್ 28ಕ್ಕೆ. ಈ ನಡುವೆ ಜರ್ಮನಿಯ ಮೇಲಿನ ಸಮುದ್ರ ದಿಗ್ಬಂಧನ ಮುಂದುವರಿಯುತ್ತದೆ ಎಂದು ಆ ಕಾಗದದ 26ನೇ ಕಲಮಿನಲ್ಲೇ ಬರೆದಿತ್ತು. ಅದು ಎದ್ದದ್ದು 1919ರ ಜುಲೈನಲ್ಲಿ. ಬಂದೂಕು ಸುಮ್ಮನಾಗಿ ಎಂಟು ತಿಂಗಳಾದರೂ ಅಲ್ಲಿನ ಮನೆಗಳಲ್ಲಿ ಹಸಿವು ಇತ್ತು. ಹಾಗಾಗಿ 'ಏನು ನಿಂತಿದೆ' ಎಂಬುದರ ಪಕ್ಕದಲ್ಲಿ 'ಏನು ನಿಂತಿಲ್ಲ' ಎಂಬ ಸಾಲನ್ನೂ ಖಾಲಿ ಬಿಟ್ಟುಕೊಳ್ಳಿ.

ದೊಡ್ಡ ಅವಧಿ ಕಂಡು ನಿಶ್ಚಿಂತರಾಗಬೇಡಿ. ಕ್ರಿ.ಪೂ. 421ರಲ್ಲಿ ಅಥೆನ್ಸ್ ಮತ್ತು ಸ್ಪಾರ್ಟಾ 50 ವರ್ಷಕ್ಕೆ ಶಾಂತಿ ಮಾಡಿಕೊಂಡವು. ಒಬ್ಬರ ನೆಲದ ಮೇಲೆ ಇನ್ನೊಬ್ಬರು ದಂಡೆತ್ತದೆ ಉಳಿದದ್ದು ಏಳು ವರ್ಷಕ್ಕೂ ಕಡಿಮೆ. ಸ್ಪೇನ್ ಮತ್ತು ಡಚ್ಚರು 1609ರಲ್ಲಿ 12 ವರ್ಷಕ್ಕೆ ಮಾಡಿಕೊಂಡ ವಿರಾಮ ಪೂರ್ತಿ 12 ವರ್ಷ ನಡೆಯಿತು. 1621ರಲ್ಲಿ ಗಡುವು ಮುಗಿದೊಡನೆ ಮತ್ತೆ ಯುದ್ಧ, 1648ರವರೆಗೆ. ಆ 12 ವರ್ಷ ವ್ಯರ್ಥವಾಯಿತೇ? ಹಾಗೆ ನನಗೆ ಅನಿಸುವುದಿಲ್ಲ. ಅಷ್ಟು ವರ್ಷ ಹೊಲ ಉತ್ತು, ಮಕ್ಕಳನ್ನು ಬೆಳೆಸಿದವರಿದ್ದಾರೆ.

ಗಂಟೆ

ಇದು ಬಹಳ ಜನ ಹಾರಿಸಿಬಿಡುವ ಸಾಲು, ನಾನೂ ಹಾರಿಸಿದ್ದ ಸಾಲು. ಸಹಿಯ ಗಂಟೆ, ಜಾರಿಯ ಗಂಟೆ ಎರಡನ್ನೂ ಬರೆದು, ಕಳೆದು ನೋಡಿ. ನಡುವಿನ ಅಂತರದಲ್ಲಿ ಜನ ಸಾಯುತ್ತಾರೆ.

1918ರಲ್ಲಿ ಕಾಂಪಿಯೆನ್ ಕಾಡಿನಲ್ಲಿ ನಿಂತಿದ್ದ ರೈಲು ಡಬ್ಬಿಯಲ್ಲಿ ಬೆಳಗಿನ ಜಾವ ಐದರ ಸುಮಾರಿಗೆ ಸಹಿ, 11 ಗಂಟೆಗೆ ಜಾರಿ. ಆರು ಗಂಟೆಗಳ ಅಂತರ. ಸುದ್ದಿ ಕಂದಕಗಳಿಗೆ ತಲುಪಲು ಹೊತ್ತು ಬೇಕಿತ್ತು, ನಿಜ. ಆದರೆ ತಲುಪಿದ ಮೇಲೂ ಹಲವು ದಳಪತಿಗಳು ದಾಳಿ ನಿಲ್ಲಿಸಲಿಲ್ಲ. ಆ ಒಂದು ದಿನದಲ್ಲಿ ಎರಡೂ ಕಡೆ ಸೇರಿ ಎರಡೂವರೆ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರೆಂಬುದು ಇತಿಹಾಸಕಾರರ ಲೆಕ್ಕ. ಹೆನ್ರಿ ಗಂಥರ್ ಎಂಬ ಅಮೆರಿಕನ್ ಸೈನಿಕ ಸತ್ತದ್ದು 10 ಗಂಟೆ 59 ನಿಮಿಷಕ್ಕೆ. ಈ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದ ದಿನ ಮುಂದೆ ಏನೂ ಬರೆಯಲಾಗಲಿಲ್ಲ.

ಕೊರಿಯಾದಲ್ಲಿ ಬೆಳಿಗ್ಗೆ 10ಕ್ಕೆ ಸಹಿ, ರಾತ್ರಿ 10ಕ್ಕೆ ಜಾರಿ. ಇಬ್ಬರು ಪ್ರತಿನಿಧಿಗಳು ಒಂದು ಮಾತೂ ಆಡದೆ ಸಹಿ ಹಾಕಿ ಎದ್ದುಹೋದರು. ಆಮೇಲೂ ಫಿರಂಗಿಗಳು ದಿನವಿಡೀ ಹಾರಿದವು.

ಈ ಅಂತರವನ್ನು ಪ್ರಾಮಾಣಿಕವಾಗಿ ಎದುರಿಸಿದ ಒಂದು ಕಾಗದ ನನಗೆ ತುಂಬಾ ಇಷ್ಟ: 1954ರ ಜಿನೀವಾದ ವಿಯೆಟ್ನಾಂ ಒಪ್ಪಂದ. ಆದೇಶ ಕಟ್ಟಕಡೆಯ ತುಕಡಿಯವರೆಗೆ ಇಳಿಯಲು ನಿಜವಾಗಿ ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕಿ, ಉತ್ತರದಲ್ಲಿ ಜುಲೈ 27, ಮಧ್ಯಭಾಗದಲ್ಲಿ ಆಗಸ್ಟ್ 1, ದಕ್ಷಿಣದಲ್ಲಿ ಆಗಸ್ಟ್ 11, ಎಲ್ಲ ಕಡೆಯೂ ಬೆಳಿಗ್ಗೆ 8 ಎಂದು ಬರೆದರು. ಯಾರ ಗಡಿಯಾರದ 8 ಎಂಬ ತಕರಾರು ಬಾರದಿರಲಿ ಎಂದು ಬೀಜಿಂಗ್ ಸಮಯವನ್ನೇ ಸ್ಥಳೀಯ ಸಮಯವೆಂದು ಒಪ್ಪಿದರು. ಗಂಟೆಯ ಜೊತೆ ಯಾರ ಗಡಿಯಾರ ಎಂಬುದೂ ಬರೆದಿದ್ದರೆ, ಆ ಕಾಗದ ಬರೆದವರು ಕೆಲಸ ಗೊತ್ತಿದ್ದವರು ಎಂದು ತಿಳಿಯಿರಿ.

ಗಂಟೆಯ ಜಗಳ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಸ್ಕಿಯೋನೆ ಎಂಬ ಪುಟ್ಟ ಗ್ರೀಕ್ ಊರಿದೆ. ಕ್ರಿ.ಪೂ. 423ರಲ್ಲಿ ಅಥೆನ್ಸ್, ಸ್ಪಾರ್ಟಾ ಒಂದು ವರ್ಷದ ವಿರಾಮಕ್ಕೆ ಒಪ್ಪಿದವು. ಅದೇ ಹೊತ್ತಿಗೆ ಸ್ಕಿಯೋನೆ ಅಥೆನ್ಸನ್ನು ಬಿಟ್ಟು ಸ್ಪಾರ್ಟಾದ ಕಡೆ ಸೇರಿತು. ದಿನ ಎಣಿಸಿದಾಗ, ವಿರಾಮವಾಗಿ ಎರಡು ದಿನ ಕಳೆದ ಮೇಲೆ ಸೇರಿತ್ತು. ಸ್ಪಾರ್ಟಾದ ಸೇನಾನಿ ಬ್ರಾಸಿದಾಸ್ ಮೊದಲೇ ಸೇರಿತ್ತೆಂದು ವಾದಿಸಿ ಊರು ಬಿಟ್ಟುಕೊಡಲಿಲ್ಲ. ಅಥೆನ್ಸ್ ಮುತ್ತಿಗೆ ಹಾಕಿತು. ಊರು ಬಿದ್ದಾಗ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾಡಿದರು. ಎರಡು ದಿನದ ಲೆಕ್ಕ ಅದು.

ಕ್ರಿ.ಪೂ. 420ರಲ್ಲಿ ಒಲಿಂಪಿಯಾದಲ್ಲೂ ಇಂಥದೇ ಆಯಿತು. ಕ್ರೀಡಾಕೂಟದ ಪವಿತ್ರ ವಿರಾಮದ ಕಾಲದಲ್ಲಿ ಸ್ಪಾರ್ಟಾ ಸೈನಿಕರನ್ನು ನುಗ್ಗಿಸಿತೆಂದು, ಕೂಟ ನಡೆಸುತ್ತಿದ್ದ ಈಲಿಸ್‌ನವರು ತಲಾ ಎರಡು ಮಿನಾದಂತೆ (ಮಿನಾ ಆಗಿನ ಗ್ರೀಕರ ಹಣದ ಲೆಕ್ಕ) ಸಾವಿರ ಸೈನಿಕರಿಗೆ 2,000 ಮಿನಾ ದಂಡ ಹಾಕಿದರು. ಸೈನ್ಯ ಹೊರಟಾಗ ವಿರಾಮದ ಘೋಷಣೆ ನಮ್ಮಲ್ಲಿಗೆ ಬಂದೇ ಇರಲಿಲ್ಲ ಎಂದಿತು ಸ್ಪಾರ್ಟಾ. ದಂಡ ಕಟ್ಟಲಿಲ್ಲ, ಕೂಟದಿಂದ ಹೊರಗುಳಿಯಿತು. (ಒಲಿಂಪಿಕ್ ವಿರಾಮ ಎಂದರೆ ಗ್ರೀಸಿನ ಯುದ್ಧಗಳೆಲ್ಲ ನಿಲ್ಲುತ್ತಿದ್ದವು ಎಂದು ನಂಬಿದವರು ಬಹಳ. ಕೂಟದ ನೆಲಕ್ಕೆ, ಅಲ್ಲಿಗೆ ಹೋಗಿಬರುವ ಯಾತ್ರಿಕರಿಗೆ ಅದು ರಕ್ಷಣೆ ಕೊಡುತ್ತಿತ್ತು. ಅದೇನು ಸಣ್ಣದಲ್ಲ.)

ಗೆರೆ

ಈಗ ನಕ್ಷೆ ತೆಗೆಯಿರಿ. ಒಪ್ಪಂದದಲ್ಲಿ ಹೆಸರಿಸಿದ ಊರು, ನದಿ, ಬೆಟ್ಟಗಳನ್ನು ಒಂದೊಂದಾಗಿ ಪೆನ್ಸಿಲ್ಲಿನಿಂದ ಜೋಡಿಸುತ್ತಾ ಹೋಗಿ. ಎಲ್ಲಿ ಪೆನ್ಸಿಲ್ಲು ಎತ್ತಬೇಕಾಗುತ್ತದೋ ಅಲ್ಲಿ ಗುರುತು ಹಾಕಿ.

ನಾನು ಹೀಗೆ ಮಾಡಿದ ಮೊದಲ ಕಾಗದ 1949ರ ಜುಲೈ 27ರ ಕರಾಚಿ ಒಪ್ಪಂದ. ಜಮ್ಮು ಕಾಶ್ಮೀರದಲ್ಲಿ ಗುಂಡು ನಿಂತದ್ದು ಆ ವರ್ಷದ ಜನವರಿ 1ರಂದು, ಮಧ್ಯರಾತ್ರಿಗೆ ಒಂದು ನಿಮಿಷ ಮೊದಲು. ಗೆರೆ ಎಳೆಯಲು ಏಳು ತಿಂಗಳು ಬೇಕಾಯಿತು. ಎರಡೂ ಸೇನೆಗಳ ಅಧಿಕಾರಿಗಳು ವಿಶ್ವಸಂಸ್ಥೆಯ ಆಯೋಗದ ಮುಂದೆ ಕೂತು ಊರು ಊರು, ಹಳ್ಳ ಹಳ್ಳ ಹೆಸರಿಸುತ್ತಾ ಬಂದರು. ಗೆರೆಯಿಂದ 500 ಗಜ ಹಿಂದೆ ಪಡೆಗಳು ನಿಲ್ಲಬೇಕು ಎಂಬಂಥ ವಿವರವೂ ಅದರಲ್ಲಿದೆ. ಅಷ್ಟು ಎಚ್ಚರದಿಂದ ಬರೆದ ಕಾಗದದ ಕೊನೆಗೆ ಬಂದಾಗ ಚಾಲುಂಕಾ, ಖೋರ್, 'ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ' ಎಂದು ಮುಗಿಯುತ್ತದೆ. ನನ್ನ ಪೆನ್ಸಿಲ್ಲು ಅಲ್ಲೇ ನಿಂತಿತು. ಯಾವ ಹಿಮನದಿ? ಅದರ ಯಾವ ಅಂಚು? ಉತ್ತರ ಎಂದರೆ ನೇರ ಉತ್ತರವೋ, ಬೆಟ್ಟದ ನೆತ್ತಿ ಹಿಡಿದೋ?

ಅಲ್ಲಿ ಮನುಷ್ಯರು ಹೋಗಿ ನಿಲ್ಲುತ್ತಾರೆಂದು ಆ ಕೋಣೆಯಲ್ಲಿದ್ದ ಯಾರಿಗೂ ಅನಿಸಿರಲಾರದು. 1972ರಲ್ಲಿ ಶಿಮ್ಲಾ ಒಪ್ಪಂದದ ನಂತರ ನಿಯಂತ್ರಣ ರೇಖೆಯನ್ನು ಹೊಸದಾಗಿ ಗುರುತಿಸಿ, ಡಿಸೆಂಬರ್ 11ರಂದು ಸುಚೇತಗಢದಲ್ಲಿ ನಕ್ಷೆಗಳಿಗೆ ಸಹಿ ಹಾಕಿದಾಗಲೂ ಗೆರೆ ಎನ್‌ಜೆ 9842 ಎಂಬ ಬಿಂದುವಿನಲ್ಲಿ ನಿಂತಿತು. ಆಚೆಗಿನ ಮಂಜನ್ನು ಹಾಗೇ ಬಿಟ್ಟರು. ಬಿಟ್ಟ ಆ ಜಾಗದ ಹೆಸರು ಸಿಯಾಚಿನ್. 1984ರ ಏಪ್ರಿಲ್ 13ರಂದು ಭಾರತೀಯ ಸೇನೆ ಅಲ್ಲಿನ ಎತ್ತರಗಳನ್ನು ಹಿಡಿಯಿತು, ಪಾಕಿಸ್ತಾನ ಎದುರು ನಿಂತಿತು. 2003ರ ನವೆಂಬರ್ ಕೊನೆಯ ವಾರ ಅಲ್ಲೂ ಗುಂಡು ನಿಲ್ಲುವವರೆಗೆ ಹತ್ತೊಂಬತ್ತು ವರ್ಷ. ಗುಂಡಿಗಿಂತ ಹೆಚ್ಚು ಸೈನಿಕರನ್ನು ಅಲ್ಲಿ ಚಳಿ, ಹಿಮಕುಸಿತ, ಪ್ರಾಣವಾಯುವಿನ ಕೊರತೆ ಕೊಂದಿವೆ. ಕಾಗದದ ಮೇಲೆ ಕೆಲವೇ ಪದ ಅದು. ಕದನವಿರಾಮದ ಒಪ್ಪಂದದಲ್ಲಿ 'ಅಲ್ಲಿಂದ', 'ಸುಮಾರು', 'ಈಗಿರುವಂತೆ' ಎಂಬ ಮಾತು ಕಂಡರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಎಂದು ಆಮೇಲೆ ಡೆಸ್ಕಿಗೆ ಬಂದ ಹುಡುಗ ಹುಡುಗಿಯರಿಗೆಲ್ಲ ಹೇಳಿಕೊಟ್ಟೆ.

ಗೆರೆ ಇದ್ದರೂ ಸಾಲದು, ಅದರ ದಪ್ಪ ಎಷ್ಟು ಎಂದೂ ಕೇಳಬೇಕು. 1948ರ ನವೆಂಬರ್ 30ರಂದು ಜೆರುಸಲೇಮಿನಲ್ಲಿ ಇಸ್ರೇಲಿನ ಮೋಶೆ ದಯಾನ್, ಜೋರ್ಡಾನಿನ ಅಬ್ದುಲ್ಲಾ ಅಲ್ ತಲ್ ಒಂದೇ ನಕ್ಷೆಯ ಮೇಲೆ ತಮ್ಮ ತಮ್ಮ ಪಡೆಗಳ ಗೆರೆ ಎಳೆದರು. ಒಬ್ಬರದು ಹಸಿರು ಮೇಣದ ಪೆನ್ಸಿಲ್ಲು, ಇನ್ನೊಬ್ಬರದು ಕೆಂಪು. ನಕ್ಷೆಯ ಪ್ರಮಾಣ 1:20,000. ಮೇಣದ ಗೆರೆ ಮೂರು ನಾಲ್ಕು ಮಿಲಿಮೀಟರ್ ದಪ್ಪ. ಗುಣಿಸಿ ನೋಡಿ, ನೆಲದ ಮೇಲೆ 60ರಿಂದ 80 ಮೀಟರ್. ಬೀದಿಗಳು, ಮನೆಗಳು ಆ ಗೆರೆಯ ಅಡಿಯಲ್ಲಿ ಸಿಕ್ಕಿಬಿದ್ದವು. ತಾತ್ಕಾಲಿಕವೆಂದು ಎಳೆದ ಗೆರೆ ಹತ್ತೊಂಬತ್ತು ವರ್ಷ ನಗರವನ್ನು ಸೀಳಿತ್ತು, ಪೆನ್ಸಿಲ್ಲಿನ ದಪ್ಪದಲ್ಲಿರುವ ಮನೆ ಯಾರದು ಎಂಬ ಜಗಳವೂ ಅಷ್ಟೂ ವರ್ಷ ಇತ್ತು. ಕೊರಿಯಾದಲ್ಲಿ ಗೆರೆಯಿಂದ ಆಚೆಗೆ 2 ಕಿ.ಮೀ., ಈಚೆಗೆ 2 ಕಿ.ಮೀ. ಖಾಲಿ ಪಟ್ಟಿ ಬಿಟ್ಟು, 72 ಗಂಟೆಯೊಳಗೆ ಪಡೆಗಳು ಅದರಿಂದ ಹೊರಡಬೇಕೆಂದು ಬರೆದರು. ಎದುರಾಳಿಗಳ ನಡುವೆ ದೂರ ಇಡುವ ಗೆರೆ ಕಂಡರೆ ನನಗೆ ಸ್ವಲ್ಪ ಧೈರ್ಯ.

ಯಾರು ಮೊದಲು ಬೇಡಿದರು

ಕುರುಕ್ಷೇತ್ರದ ಹದಿನಾಲ್ಕನೆಯ ದಿನ ಸೂರ್ಯ ಮುಳುಗಿದರೂ ಯುದ್ಧ ನಿಲ್ಲದೆ ಪಂಜಿನ ಬೆಳಕಿನಲ್ಲಿ ಮುಂದುವರಿಯಿತು. ನಡುರಾತ್ರಿ ನಿದ್ದೆಗಣ್ಣಿನಲ್ಲಿ ತೂಕಡಿಸುತ್ತಿದ್ದ ಸೈನಿಕರನ್ನು ಕಂಡು, ಚಂದ್ರ ಹುಟ್ಟುವವರೆಗೆ ಮಲಗಿ ಎಂದು ಅರ್ಜುನ ಕೂಗಿ ಹೇಳಿದ. ಕೌರವರ ಕಡೆಯವರೂ ಒಪ್ಪಿದರು. ಇದ್ದಲ್ಲೇ, ಆನೆಯ ಬೆನ್ನ ಮೇಲೆ, ರಥದೊಳಗೆ, ಬರಿನೆಲದ ಮೇಲೆ ಎರಡೂ ಸೈನ್ಯ ಮಲಗಿದವು. ಚಂದ್ರ ಹುಟ್ಟಿದ ಮೇಲೆ ಎದ್ದು ಮತ್ತೆ ಕಾದಿದವು. ಆ ನಿದ್ದೆಗಾಗಿ ಶತ್ರುವಿನ ಸೈನಿಕರೂ ಅರ್ಜುನನನ್ನು ಹರಸಿದರಂತೆ.

ನನ್ನ ಎಡಪುಟದಲ್ಲಿ ಇದಕ್ಕೊಂದು ಸಾಲಿದೆ: ಬೇಡಿದ್ದು ಯಾರು, ಯಾಕೆ? ದಣಿವು, ರೋಗ, ಸತ್ತವರನ್ನು ಮಣ್ಣು ಮಾಡುವುದು ಇಂಥ ಎರಡೂ ಕಡೆಗೂ ಸಮಾನವಾದ ಕಾರಣ ಇದ್ದರೆ ವಿರಾಮ ಚಿಕ್ಕದಾದರೂ ಗಟ್ಟಿ. 1985ರಲ್ಲಿ ಎಲ್ ಸಾಲ್ವಡಾರಿನ ಅಂತರ್ಯುದ್ಧ ಮೂರು ದಿನ ನಿಂತಿತು, ಒಂದೊಂದು ತಿಂಗಳ ಅಂತರದಲ್ಲಿ ಒಂದೊಂದು ದಿನ. ಮಕ್ಕಳಿಗೆ ಲಸಿಕೆ ಹಾಕಲು. ಯುನಿಸೆಫ್ ಮತ್ತು ಅಲ್ಲಿನ ಚರ್ಚು ನಡುವೆ ನಿಂತು ಎರಡೂ ಕಡೆಯವರನ್ನು ಒಪ್ಪಿಸಿದ್ದವು. 1995ರಲ್ಲಿ ಸುಡಾನಿನಲ್ಲಿ ನಾರುಹುಣ್ಣಿನ ವಿರುದ್ಧ ಕೆಲಸ ಮಾಡಲು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಎರಡು ತಿಂಗಳ ವಿರಾಮ ಕೇಳಿದರು, ಅದು ಆರು ತಿಂಗಳ ಹತ್ತಿರ ಬಂತು. ಮುಖಪುಟಕ್ಕೆ ಬಾರದ ಇಂಥ ವಿರಾಮಗಳಿಗೆ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬೇರೆ ಪುಟಗಳನ್ನೇ ಇಟ್ಟಿದ್ದೇನೆ.

ಮೇಲಿನಿಂದ ಆದೇಶವೇ ಇಲ್ಲದೆ ಆದದ್ದೂ ಇದೆ. 1914ರ ಕ್ರಿಸ್‌ಮಸ್ ಹೊತ್ತಿಗೆ ಬೆಲ್ಜಿಯಂ, ಉತ್ತರ ಫ್ರಾನ್ಸಿನ ಕಂದಕಗಳಿಂದ ಬ್ರಿಟಿಷ್, ಜರ್ಮನ್ ಸೈನಿಕರು ತಾವೇ ಎದ್ದು ಬಂದು ಹಾಡಿದರು, ತಂಬಾಕು ಹಂಚಿಕೊಂಡರು. ಮುಖ್ಯವಾಗಿ, ವಾರಗಟ್ಟಲೆ ನಡುವೆ ಬಿದ್ದಿದ್ದ ಹೆಣಗಳನ್ನು ಜೊತೆಗೆ ನಿಂತು ಹೂಳಿದರು. ಎಲ್ಲ ಕಡೆ ಹಾಗಾಗಲಿಲ್ಲ, ಅವತ್ತೂ ಗುಂಡಿಗೆ ಸತ್ತವರಿದ್ದಾರೆ. ಮರುವರ್ಷ ಇದು ಮರುಕಳಿಸದಂತೆ ಕಟ್ಟುನಿಟ್ಟಿನ ಆದೇಶ ಹೊರಟಿತು.

ಹೆಣ ಮತ್ತು ಗಾಯಾಳು

ಮಾನದ ಪ್ರಶ್ನೆ ಇಲ್ಲಿ ಎಷ್ಟು ಕ್ರೂರವಾಗುತ್ತದೆ ಎಂಬುದನ್ನು ನೋಡಲು 1864ರ ಕೋಲ್ಡ್ ಹಾರ್ಬರ್ ಸಾಕು. ಅಮೆರಿಕದ ಅಂತರ್ಯುದ್ಧದಲ್ಲಿ ಜೂನ್ 3ರಂದು ಉತ್ತರದವರ ಸೇನಾಪತಿ ಗ್ರಾಂಟ್ ನಡೆಸಿದ ದಾಳಿ ಮುರಿದು ಬಿತ್ತು. ಅವನ ಗಾಯಾಳುಗಳು ಎರಡು ಸಾಲುಗಳ ನಡುವೆ ಬಿಸಿಲಿನಲ್ಲಿ ಬಿದ್ದಿದ್ದರು. ಗ್ರಾಂಟ್ ಪತ್ರ ಬರೆದದ್ದು 5ಕ್ಕೆ. ಬಿಳಿಬಾವುಟ ಹಿಡಿದು ವಿಧಿವತ್ತಾಗಿ ಕೇಳಬೇಕೆಂದು ದಕ್ಷಿಣದವರ ಸೇನಾನಿ ಲೀ ಪಟ್ಟು ಹಿಡಿದ, ಹಾಗೆ ಕೇಳಿದರೆ ಸೋಲೊಪ್ಪಿದಂತೆ. ಪತ್ರಗಳು ಅತ್ತಿತ್ತ ಓಡಾಡಿ, 7ರ ಸಂಜೆ ಎರಡು ಗಂಟೆಯ ವಿರಾಮವಾದಾಗ, ಬದುಕಿದ್ದವರು ಇಬ್ಬರೇ ಸಿಕ್ಕರೆಂದು ಗ್ರಾಂಟನೇ ಬರೆದ.

ಅದೇ ಕೆಲಸವನ್ನು ಚೆನ್ನಾಗಿ ಮಾಡಿದ್ದೂ ಇದೆ. 1915ರ ಮೇ 24, ತುರ್ಕಿಯ ಗಲಿಪೊಲಿ. ಐದು ದಿನದ ಹಿಂದಿನ ದಾಳಿಯಲ್ಲಿ ಸತ್ತ ಸುಮಾರು 3,000 ತುರ್ಕಿ ಸೈನಿಕರ ಹೆಣಗಳು ಎರಡು ಕಂದಕಗಳ ನಡುವೆ ಕೊಳೆಯುತ್ತಿದ್ದವು. ಬೆಳಿಗ್ಗೆ ಏಳೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ ವಿರಾಮ. ನಡುವೆ ಬಿಳಿಬಾವುಟಗಳ ಸಾಲು ನೆಟ್ಟರು. ಬಿದ್ದಿದ್ದ ಬಂದೂಕುಗಳ ಬೋಲ್ಟ್ ಕಳಚಿ ಅವರವರ ಕಡೆಗೆ ಕೊಟ್ಟರು. ನಾಲ್ಕೂವರೆಗೆ ಎಲ್ಲರೂ ಕಂದಕಕ್ಕೆ ಇಳಿದರು, ಸ್ವಲ್ಪ ಹೊತ್ತಿನಲ್ಲೇ ಗುಂಡು ಶುರುವಾಯಿತು. ಬಂದೂಕಿನ ಬೋಲ್ಟಿನವರೆಗೆ ಯೋಚಿಸಿ ಬರೆದಿದ್ದರಿಂದ ಆ ಒಂಬತ್ತು ಗಂಟೆ ಮುರಿಯಲಿಲ್ಲ.

ಒಳಗೆ ಸಿಕ್ಕಿಬಿದ್ದವರಿಗೆ ಊಟ ಎಲ್ಲಿಂದ?

ಮುತ್ತಿಗೆ ನಡೆಯುತ್ತಿರುವಾಗ ವಿರಾಮವಾದರೆ ಈ ಪ್ರಶ್ನೆಯನ್ನೇ ಮೊದಲು ಕೇಳಿ. 1783ರ ಮೇ ತಿಂಗಳಿಂದ ಟಿಪ್ಪು ಸುಲ್ತಾನನ ಸೇನೆ ಮಂಗಳೂರು ಕೋಟೆಯನ್ನು ಮುತ್ತಿತ್ತು, ಒಳಗೆ ಕರ್ನಲ್ ಕ್ಯಾಂಪ್‌ಬೆಲ್‌ನ ಕೈಕೆಳಗೆ ಇಂಗ್ಲಿಷರ ಪಡೆ. ಯುರೋಪಿನಲ್ಲಿ ಶಾಂತಿಯಾದ ಸುದ್ದಿ ಬಂದೊಡನೆ ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಕೈತೆಗೆದರು. ಆಗಸ್ಟ್ 2ರಂದು ಕದನವಿರಾಮವಾಯಿತು, ಮುತ್ತಿಗೆ ಮಾತ್ರ ಏಳಲಿಲ್ಲ. ಕೋಟೆಯೊಳಕ್ಕೆ ಎಷ್ಟು ಆಹಾರ, ಎಂಥ ಆಹಾರ ಹೋಗಬೇಕು ಎಂಬ ತಕರಾರು ತಿಂಗಳುಗಟ್ಟಲೆ ನಡೆಯಿತು. ಒಪ್ಪಿದಷ್ಟು ಬರುತ್ತಿಲ್ಲ ಎಂಬುದು ಒಳಗಿನವರ ದೂರು. ಗುಂಡಿಲ್ಲದ ಆ ತಿಂಗಳುಗಳಲ್ಲಿ ಹಸಿವು, ರೋಗ ಪಡೆಯನ್ನು ಸವೆಸಿದವು. 1784ರ ಜನವರಿ 30ರಂದು ಕೋಟೆ ಒಪ್ಪಿಸಿದರು.

ಇದರ ಪಕ್ಕದಲ್ಲೇ 1973ನ್ನು ಇಟ್ಟು ನೋಡುತ್ತೇನೆ. ಅಕ್ಟೋಬರ್ ಯುದ್ಧದ ಕೊನೆಗೆ ಈಜಿಪ್ಟಿನ ಮೂರನೇ ಸೇನೆ, ಸೂಯೆಜ್ ಪಟ್ಟಣ ಎರಡೂ ಇಸ್ರೇಲಿ ಪಡೆಗಳ ಮುತ್ತಿಗೆಯಲ್ಲಿದ್ದವು. ಕೈರೋ ಸೂಯೆಜ್ ರಸ್ತೆಯ 101ನೇ ಕಿಲೋಮೀಟರ್ ಕಲ್ಲಿನ ಹತ್ತಿರ ಡೇರೆ ಹಾಕಿ ಇಬ್ಬರು ಜನರಲ್‌ಗಳು ಮಾತಿಗೆ ಕೂತರು. ನವೆಂಬರ್ 11ರ ಒಪ್ಪಂದದಲ್ಲಿ ಆರು ಅಂಶಗಳು. ಪಟ್ಟಣಕ್ಕೆ ದಿನವೂ ಊಟ, ನೀರು, ಔಷಧ ಹೋಗಬೇಕು, ರಸ್ತೆಯ ತಪಾಸಣಾ ಠಾಣೆಗಳು ವಿಶ್ವಸಂಸ್ಥೆಯ ಕೈಗೆ, ಹೋಗುವ ಸರಕಿನಲ್ಲಿ ಆಯುಧ ಇಲ್ಲವೆಂದು ಕಾಲುವೆ ದಡದಲ್ಲಿ ಇಸ್ರೇಲಿ ಅಧಿಕಾರಿಗಳೂ ನಿಂತು ನೋಡಬಹುದು. ಇಷ್ಟು ಬರೆದಿದ್ದರೆ ಊಟದ ಮೇಲೆ ಜಗಳಕ್ಕೆ ಜಾಗ ಕಡಿಮೆ.

ಕೈದಿಗಳು

ಕೊರಿಯಾದ ಮಾತುಕತೆ 1951ರ ಜುಲೈ 10ರಂದು ಶುರುವಾಗಿ ಎರಡು ವರ್ಷಕ್ಕೂ ಮೇಲೆ ಎಳೆಯಿತು. ಗೆರೆಯ ವಿಷಯ ಬಹುಪಾಲು ಮೊದಲ ವರ್ಷವೇ ಬಗೆಹರಿದಿತ್ತು. ತಮ್ಮ ದೇಶಕ್ಕೆ ಮರಳಲು ಒಲ್ಲದ ಕೈದಿಗಳನ್ನು ಬಲವಂತವಾಗಿ ಕಳಿಸಬೇಕೆ ಎಂಬ ಒಂದೇ ಪ್ರಶ್ನೆ ಉಳಿದದ್ದೆಲ್ಲವನ್ನೂ ಹಿಡಿದು ನಿಲ್ಲಿಸಿತು. ಆ ಹೊತ್ತಿನಲ್ಲಿ ಗುಡ್ಡಗಳಿಗಾಗಿ ಕಾದಾಡಿ ಸಾವಿರಾರು ಜನ ಸತ್ತರು. ಕೊನೆಗೆ ಒಲ್ಲದವರನ್ನು ತಟಸ್ಥ ದೇಶಗಳ ಆಯೋಗಕ್ಕೆ ಒಪ್ಪಿಸುವುದೆಂದಾಯಿತು. ಅದರ ಅಧ್ಯಕ್ಷರು ಭಾರತದ ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯ, ಕೊಡಗಿನವರು. ಚೀನಾ ಮತ್ತು ಉತ್ತರ ಕೊರಿಯಾದ 22,000ಕ್ಕೂ ಹೆಚ್ಚು, ಎದುರು ಕಡೆಯ 359 ಕೈದಿಗಳು ಭಾರತೀಯ ಸೈನಿಕರ ಕಾವಲಿಗೆ ಬಂದರು. ಅವರವರ ದೇಶದ ಪ್ರತಿನಿಧಿಗಳು ಬಂದು, ಮರಳಿ ಬನ್ನಿ ಎಂದು ವಿವರಿಸಲು 90 ದಿನ. ಎರಡೂ ಕಡೆಯಿಂದ ಬೈಗುಳ, ಶಿಬಿರಗಳೊಳಗೆ ಗಲಭೆ. ಈ ಪುಟವನ್ನು ಬರೆಯುವಾಗ, ಕದನವಿರಾಮವನ್ನು ನಿಜವಾಗಿ ಹೊತ್ತು ನಡೆಸುವವರು ಸಹಿ ಹಾಕಿದವರಿಗಿಂತ ಬೇರೆಯವರು ಎಂಬುದು ನನಗೆ ಮನಸ್ಸಿಗೆ ಹತ್ತಿತು. ನಿಮ್ಮ ಎಡಪುಟದಲ್ಲಿ ಅವರಿಗೂ ಒಂದು ಸಾಲು ಇರಲಿ: ಕಾವಲು ಯಾರದು, ಎಷ್ಟು ಜನ, ಎಷ್ಟು ದಿನ.

ಸಹಿ ಯಾರದಿಲ್ಲ ಎಂಬುದನ್ನೂ ಹುಡುಕಿ. ಕೊರಿಯಾದ ಕಾಗದಕ್ಕೆ ದಕ್ಷಿಣ ಕೊರಿಯಾ ಸಹಿ ಹಾಕಿಲ್ಲ. ಯಾರ ನೆಲದಲ್ಲಿ ಯುದ್ಧ ನಡೆಯಿತೋ ಅವರೇ. ಅಧ್ಯಕ್ಷ ಸಿಂಗ್‌ಮನ್ ರೀ ಸಹಿಗೆ ಐದಾರು ವಾರ ಮೊದಲು, ಜೂನ್ 18ರಂದು, ಸುಮಾರು 27,000 ಕೈದಿಗಳನ್ನು ತಾನೇ ಬಿಡಿಸಿಬಿಟ್ಟು ಮಾತುಕತೆಯನ್ನು ಮುರಿಯುವ ಅಂಚಿಗೆ ತಂದಿದ್ದ.

ಮುರಿದರೆ

ಮೊದಲ ಗುಂಡು ಹಾರಿತು ಎಂಬ ಸುದ್ದಿ ಬಂದೇ ಬರುತ್ತದೆ. ಆಗ 'ಕದನವಿರಾಮ ಕುಸಿತ' ಎಂದು ಬರೆಯುವ ಮುನ್ನ ಹೇಗ್ ನಿಯಮಗಳ 40 ಮತ್ತು 41ನೇ ಕಲಮು ನೆನಪಿಸಿಕೊಳ್ಳಿ. ಎದುರು ಪಕ್ಷವೇ ಗಂಭೀರವಾಗಿ ಉಲ್ಲಂಘಿಸಿದರೆ ವಿರಾಮವನ್ನು ರದ್ದು ಮಾಡುವ ಹಕ್ಕಿದೆ, ತುರ್ತಿದ್ದರೆ ಕೂಡಲೇ ಯುದ್ಧಕ್ಕಿಳಿಯುವ ಹಕ್ಕೂ ಇದೆ. ಯಾರೋ ತಮ್ಮಷ್ಟಕ್ಕೆ ತಾವು ಹಾರಿಸಿದ ಗುಂಡಾದರೆ, ಅವರನ್ನು ಶಿಕ್ಷಿಸಿ, ನಷ್ಟ ತುಂಬಿಕೊಡಿ ಎಂದು ಕೇಳಬಹುದು, ಅಷ್ಟೇ. ಆದ್ದರಿಂದ ಕೇಳಬೇಕಾದ್ದು: ಹಾರಿಸಿದ್ದು ಆದೇಶದಿಂದಲೋ, ಆದೇಶವಿಲ್ಲದೆಯೋ? ಅದನ್ನು ಹೇಳಬಲ್ಲ ಮೂರನೆಯವರು ಅಲ್ಲಿದ್ದಾರೆಯೇ? ಎರಡೂ ಕಡೆಯ ಸೇನಾಧಿಕಾರಿಗಳು ಫೋನ್ ಎತ್ತಿ ಒಬ್ಬರನ್ನೊಬ್ಬರು ಕೇಳುವ ದಾರಿ ಇದೆಯೇ? ಈ ಮೂರಕ್ಕೂ ಉತ್ತರ ಇಲ್ಲದ ಕಡೆ ಒಂದು ಗುಂಡು ಸಾವಿರವಾಗುತ್ತದೆ.

ಹಬ್ಬದ ವಿರಾಮಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1968ರ ಜನವರಿ ಕೊನೆಯಲ್ಲಿ, ಚಾಂದ್ರಮಾನ ಹೊಸವರ್ಷಕ್ಕೆಂದು ಸಾರಿದ್ದ ವಿರಾಮದ ನಡುವೆಯೇ ದಕ್ಷಿಣ ವಿಯೆಟ್ನಾಮಿನ ಊರೂರುಗಳ ಮೇಲೆ ದಾಳಿಯಾಯಿತು. ರಜೆಗೆ ಮನೆಗೆ ಹೋಗಿದ್ದ ಸೈನಿಕರು ಬಹಳ.

ಬಲಪುಟ

ಎಡಪುಟವನ್ನು ಸುದ್ದಿ ಬಂದ ದಿನವೇ ತುಂಬಿಸಿ, ನಿದ್ದೆ ಬಂದರೂ ಬಿಡಬೇಡಿ. ಬಲಪುಟವನ್ನು ಮೂರನೆಯ ದಿನ ಒಮ್ಮೆ ತೆರೆಯಿರಿ: ಹೇಳಿದ ಗಂಟೆಗೆ ನಿಂತಿತೇ, ಎಲ್ಲಿ ನಿಲ್ಲಲಿಲ್ಲ. ಮೂವತ್ತನೆಯ ದಿನ ಇನ್ನೊಮ್ಮೆ: ಕೈದಿಗಳು ಮನೆಗೆ ಬಂದರೇ, ಊಟದ ಲಾರಿ ಹೋಯಿತೇ, ಗೆರೆ ಎಲ್ಲಿ ಜರುಗಿತು. ಅಷ್ಟು ಹೊತ್ತಿಗೆ ಸುದ್ದಿ ಪತ್ರಿಕೆಯ ಒಳಪುಟಕ್ಕೆ ಸರಿದಿರುತ್ತದೆ, ನೀವೇ ಹುಡುಕಬೇಕು. ಆಮೇಲೆ ವರ್ಷಕ್ಕೊಮ್ಮೆ ಸಾಕು.

ನನ್ನ ನೋಟ್‌ಬುಕ್ಕಿನಲ್ಲಿ ಕರಾಚಿ ಒಪ್ಪಂದದ ಬಲಪುಟ ಎಂದೋ ತುಂಬಿಹೋಯಿತು. ಭಾರತ ಪಾಕಿಸ್ತಾನದ ನಡುವೆ ಆಮೇಲೆ ಗುಂಡು ನಿಂತ, ಗೆರೆ ಎಳೆದ ದಿನಗಳನ್ನು ಹಾಳೆ ಅಂಟಿಸಿ ಮುಂದುವರಿಸಿದ್ದೇನೆ. 1965ರ ಸೆಪ್ಟೆಂಬರ್ 23. 1971ರ ಡಿಸೆಂಬರ್ 17, ರಾತ್ರಿ 8. 1972ರ ಡಿಸೆಂಬರ್ 11. 2003ರ ನವೆಂಬರ್. 2021ರ ಫೆಬ್ರವರಿ 25. 2025ರ ಮೇ 10, ಸಂಜೆ 5. ಕೊನೆಗೆ ಅಂಟಿಸಿದ ಹಾಳೆಯಲ್ಲಿ ಇನ್ನೂ ಅರ್ಧ ಜಾಗ ಇದೆ.